ತನ್ನ ಕೇರಿಗೆ ಬಾರದ ತಮಟೆ

ಅಣ್ಣಮ್ಮನ ಬಾಯಿ ದೊಡ್ಡದು ಎಂದು ಮುದ್ದನಕಟ್ಟೆಯ ಜನ ಆಡಿಕೊಳ್ಳುತ್ತಿದ್ದರು. ಹಾಗೆ ಆಡಿಕೊಂಡವರಲ್ಲಿ ಒಬ್ಬರಾದರೂ ಸಣ್ಣಯ್ಯನ ಜೊತೆ ಒಂದು ತಿಂಗಳು ಸಂಸಾರ ಮಾಡಿ ನೋಡಬೇಕಿತ್ತು. ಎಂಥವರ ಬಾಯಿಯೂ ತಾನಾಗಿ ದೊಡ್ಡದಾಗುತ್ತಿತ್ತು.

ಮುದ್ದನಕಟ್ಟೆ ಅರಸೀಕೆರೆ ತಾಲ್ಲೂಕಿನ ಊರು. ಕಣಕಟ್ಟೆಯಲ್ಲಿ ಬಸ್ಸಿಳಿದು ತೆಂಗಿನ ತೋಟಗಳ ನಡುವೆ ಒಂದು ಹರದಾರಿ ನಡೆದರೆ ಸಿಗುತ್ತದೆ. ಊರು ಮುಗಿದು, ಊರಿನ ತಿಪ್ಪೆಗಳೂ ಮುಗಿದು, ಹಳ್ಳ ದಾಟಿದ ಮೇಲೆ ಕೇರಿ. ಸಣ್ಣಯ್ಯ ಆ ಕೇರಿಯ ಕುಳವಾಡಿ. ಊರಿಗೆ ಏನೇ ಸುದ್ದಿ ಬಂದರೂ ತಮಟೆ ಬಡಿದು ಸಾರುವವನು ಅವನು. ಚಾವಡಿಗೆ ಬಂದ ಅಧಿಕಾರಿಗೆ ಎಳನೀರು ತರುವವನು, ಬಿಸಿಲಾದರೆ ಕೊಡೆ ಹಿಡಿಯುವವನು, ಯಾರದೋ ಎತ್ತು ಸತ್ತರೆ ಎಳೆದು ಹಾಕುವವನೂ ಅವನೇ. ಇಂಥ ಚಾಕರಿಗಳನ್ನೆಲ್ಲ ಸರ್ಕಾರ ರದ್ದು ಮಾಡಿ ವರ್ಷಗಳೇ ಕಳೆದಿದ್ದವು. ರದ್ದಾದದ್ದು ಕಾಗದದಲ್ಲಿ. ತಮಟೆ ಮಾತ್ರ ಗೂಟದಲ್ಲಿ ನೇತಾಡುತ್ತಲೇ ಇತ್ತು, ಚಾವಡಿಯಿಂದ "ಏ ಸಣ್ಣಾ" ಎಂಬ ಕೂಗು ಬರುತ್ತಲೇ ಇತ್ತು. ಸುಗ್ಗಿಯಲ್ಲಿ ಒಬ್ಬೊಬ್ಬರ ಕಣದ ಮುಂದೂ ಹೋಗಿ ಸೆರಗೊಡ್ಡಿದರೆ ಒಂದೊಂದು ಮೊರ ರಾಗಿ ಬೀಳುತ್ತಿತ್ತು. ಸೆರಗು ಒಡ್ಡುತ್ತಿದ್ದವಳು ಅಣ್ಣಮ್ಮ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಂದು ದಿನ ತಾಲ್ಲೂಕಿನಿಂದ ಹುಕುಂ ಬಂತು. ಇನ್ನು ಮುಂದೆ ಯಾರೂ ಯಾರನ್ನೂ ಜೀತಕ್ಕೆ ಇಟ್ಟುಕೊಳ್ಳಬಾರದು, ಬಿಟ್ಟಿ ದುಡಿಸಿಕೊಳ್ಳಬಾರದು, ದುಡಿಸಿಕೊಂಡರೆ ಜೈಲು. ಸಣ್ಣಯ್ಯ ತಮಟೆ ಕಾಯಿಸಿಕೊಂಡು ಹೊರಟವನು ಊರಿನ ಒಂದು ಓಣಿಯನ್ನೂ ಬಿಡದೆ ಸಾರಿ, ಗಂಟಲು ಕಟ್ಟಿಸಿಕೊಂಡು ಬಂದು ಜಗಲಿಯ ಮೇಲೆ ಕುಸಿದ.

"ಏನ್ ಕೊಟ್ರು?" ಎಂದಳು ಅಣ್ಣಮ್ಮ.

"ಯಾವ್ದುಕ್ಕೆ?"

"ಬೆಳಗಿಂದ ಬಡ್ಕಂಡು ಬಂದ್ಯಲ್ಲ, ಅದುಕ್ಕೆ."

"ಅದುಕ್ಕೆಲ್ಲ ಯಾರ್ ಕೊಡ್ತಾರಮ್ಮಿ? ಬಿಟ್ಟಿ ಚಾಕ್ರಿ ಅಲ್ವಾ ಅದು."

ಅಣ್ಣಮ್ಮ ಮುದ್ದೆ ಕೋಲನ್ನು ಕೈಯಲ್ಲೇ ಹಿಡಿದು ಹೊರಗೆ ಬಂದಳು. "ನೀನೀಗ ಊರಿಗೆಲ್ಲ ಏನಯ್ಯಾ ಸಾರಿದ್ದು?"

ಸಣ್ಣಯ್ಯ ಕೊಂಚ ಯೋಚಿಸಿದ. "ಅದು ಜೀತದೋರಿಗೆ ಕಣಮ್ಮಿ. ನಾನು ಕುಳವಾಡಿ."

ಇಂಥವನ ಜೊತೆ ಏನು ಮಾತಾಡುವುದು? ಅಣ್ಣಮ್ಮ ಒಳಗೆ ಹೋಗಿ ಆ ಸಿಟ್ಟನ್ನೆಲ್ಲ ಮುದ್ದೆಯ ಮೇಲೆ ತೀರಿಸಿಕೊಂಡಳು. ಅವತ್ತಿನ ಮುದ್ದೆಯಲ್ಲಿ ಹುಡುಕಿದರೂ ಒಂದು ಗಂಟು ಇರಲಿಲ್ಲ.

ಅವಳಿಗೆ ಇನ್ನೂ ಹೆಚ್ಚು ಉರಿಸುತ್ತಿದ್ದದ್ದು ಬೇರೊಂದು. ಊರೆಲ್ಲ ಸಾರಿದ ಸಣ್ಣಯ್ಯ ಹಳ್ಳ ದಾಟುವಾಗ ತಮಟೆಯನ್ನು ಬೆನ್ನಿಗೆ ಹಾಕಿಕೊಂಡುಬಿಡುತ್ತಿದ್ದ. ಕೇರಿಯಲ್ಲಿ ಸಾರುವ ಪದ್ಧತಿಯೇ ಇರಲಿಲ್ಲ. ಮಾರಮ್ಮನ ಹಬ್ಬ ಬಿಟ್ಟರೆ ಕೇರಿಯೊಳಗೆ ತಮಟೆ ಸದ್ದಾಗುವುದು ಸಾವಿಗೆ ಮಾತ್ರ. ಸದ್ದು ಕಿವಿಗೆ ಬಿತ್ತೆಂದರೆ ಹಿಡಿದ ಕೆಲಸ ಬಿಟ್ಟು ಜನ ಓಡಿ ಬರಬೇಕು. ಬಿದಿರು ತರುವವನು ಬಿದಿರು, ಗುದ್ದಲಿ ತರುವವನು ಗುದ್ದಲಿ. ಹಾಗೆ ಸಾವಿಗೆಂದು ಹೊರಟವರು ತಲೆಗೆ ನೀರು ಹುಯ್ದುಕೊಳ್ಳದೆ ಮತ್ತೆ ಹೊಲಕ್ಕೆ ಇಳಿಯುವಂತಿಲ್ಲ. ಅಂಥ ಸದ್ದನ್ನು ರೇಷನ್ ಸಕ್ಕರೆಗೆಂದು ಬಡಿಯಲಾದೀತೆ? ಹಾಗಾಗಿ ಬಡವರಿಗೆ ಸೈಟು ಕೊಡುತ್ತಾರೆ ಎಂಬ ಸುದ್ದಿ ಊರಿನ ಉಳ್ಳವರ ಬೀದಿಗಳಲ್ಲೆಲ್ಲ ಮೊಳಗಿ, ಬಡವರಿದ್ದ ಕೇರಿಗೆ ಬರುವ ಮೊದಲೇ ಸಣ್ಣಯ್ಯನ ಬೆನ್ನಿನ ಮೇಲೆ ಮೌನವಾಗುತ್ತಿತ್ತು. ಸಿಡುಬಿನ ಸೂಜಿಯೂ ಹಾಗೇ ಹೋಯಿತು, ಸಾಲದ ಎಮ್ಮೆಯೂ ಹಾಗೇ ಹೋಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇಂಥವನಿಗೇ ಇರಬೇಕು.

ಇದೆಲ್ಲ ಹೋಗಲಿ ಎನ್ನಬಹುದಿತ್ತು. ನೀರನ್ನು ಹೋಗಲಿ ಎನ್ನುವುದು ಹೇಗೆ?

ಕೇರಿಗೆ ಬಾವಿ ಇರಲಿಲ್ಲ. ಊರ ಬಾವಿಯ ಹತ್ತಿರ ಹೋಗಿ, ಕಟ್ಟೆಯಿಂದ ದೂರ ಕೊಡ ಇಟ್ಟು, ಯಾರಾದರೂ ಪುಣ್ಯಾತ್ಗಿತ್ತಿ ಬಂದು ಸೇದಿ ಎತ್ತರದಿಂದ ಹುಯ್ಯಲಿ ಎಂದು ಕಾಯಬೇಕು. ಅವರಿಗೆ ಬಿಡುವಿಲ್ಲದಿದ್ದರೆ, ಮನೆಯಲ್ಲಿ ಜಗಳವಾಗಿದ್ದರೆ, ಸುಮ್ಮನೆ ಮನಸ್ಸಿಲ್ಲದಿದ್ದರೆ, ಅವತ್ತು ಕೊಡ ಖಾಲಿ. ಅಣ್ಣಮ್ಮನ ಅತ್ತೆ ತೀರಿಕೊಂಡದ್ದು ಊರಲ್ಲೊಂದು ಮದುವೆಯ ದಿನ. ಬಾವಿಕಟ್ಟೆಯ ಮುಂದೆ ಉದ್ದಕ್ಕೂ ನಿಂತರೂ ಸಿಕ್ಕಿದ್ದು ಅರ್ಧ ಕೊಡ. ಆ ಮುದುಕಿ ಬದುಕಿಡೀ ಊರಿನವರ ಕಣ ಸಾರಿಸಿದವಳು. ಅವಳ ಹೆಣಕ್ಕೆ ಮೈತುಂಬ ನೀರಾಗಲಿಲ್ಲ. ಬಟ್ಟೆ ಒದ್ದೆ ಮಾಡಿ ಮುಖ, ಕೈಕಾಲು ಒರೆಸಿ ಮಣ್ಣಿಗಿಟ್ಟರು. ಅಣ್ಣಮ್ಮನಿಗೆ ಅದು ಮರೆಯಲಿಲ್ಲ. ಮರೆಯುವಂಥದೂ ಅಲ್ಲ.

ಎಪ್ಪತ್ತೆಂಟರಲ್ಲೋ ಏನೋ, ಕೇರಿಗಳಿಗೆ ಕುಡಿಯುವ ನೀರಿನ ಬೋರಿಂಗ್ ಹಾಕಿಸುತ್ತಾರೆ ಎಂಬ ಸುದ್ದಿ ಬಂತು. ಸೋಮವಾರ ಬ್ಲಾಕ್ ಆಫೀಸಿನ ಇಂಜಿನಿಯರು ಬರುತ್ತಾರೆ, ಬೋರಿಂಗ್ ಬೇಕಾದವರು ಚಾವಡಿ ಹತ್ತಿರ ಸೇರಿ ಜಾಗ ತೋರಿಸತಕ್ಕದ್ದು. ಸಣ್ಣಯ್ಯ ಊರೆಲ್ಲ ಸಾರಿದ. ಹಳ್ಳ ದಾಟುವಾಗ ತಮಟೆ ಬೆನ್ನಿಗೆ ಹೋಯಿತು. ಸೋಮವಾರ ಕೇರಿಯ ಹೆಂಗಸರು ಗಂಡಸರೆಲ್ಲ ರಾಗಿ ಕಳೆಗೆ ಹೋದರು, ಅಣ್ಣಮ್ಮನೂ ಹೋದಳು. ಸಂಜೆ ಬಂದು ನೋಡಿದರೆ ಮಾಜಿ ಪಟೇಲ ದೇವೀರಪ್ಪನವರ ಕೊಟ್ಟಿಗೆಯ ಮುಂದೆ ಲಾರಿ ನಿಂತು ನೆಲ ಕೊರೆಯುತ್ತಿತ್ತು.

"ಕೇರಿಗೆ ಅಂತ ಬಂದಿದ್ದು ಅಲ್ಲಿಗ್ಯಾಕೆ ಹೋಯ್ತು?" ಎಂದು ಗಂಡನನ್ನು ಹಿಡಿದು ಕೇಳಿದಳು.

"ಇಂಜಿನೇರ್ ಸೋಮಿ ಕೇಳುದ್ರು ಕಣಮ್ಮಿ. ಕೇರಿಯೋರು ಯಾರಾದ್ರೂ ಬಂದವ್ರಾ ಅಂತ. ಯಾರೂ ಬಂದಿಲ್ಲ ಸೋಮಿ ಅಂದೆ."

"ಅಂದೋನು ಯಾರು?"

"ನಾನೇಯ."

"ನೀನ್ಯಾರು ಮತ್ತೆ? ಬೇಲೂರಿಂದ ಬಂದಿದ್ಯಾ?"

ಸಣ್ಣಯ್ಯ ನಿಜವಾಗಿಯೂ ಗಲಿಬಿಲಿಗೊಂಡ. ಕುಹಕವಲ್ಲ, ಹೆದರಿಕೆಯೂ ಅಲ್ಲ. ತಾನೂ ಕೇರಿಯವನು, ಅಲ್ಲೇ ನಿಂತಿದ್ದವನು, ತನ್ನನ್ನೂ ಎಣಿಸಬಹುದಿತ್ತು ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ. "ನಾನು ಕೊಡೆ ಹಿಡಿಯಾಕ್ ಹೋಗಿದ್ದೋನು" ಎಂದ. ಅಣ್ಣಮ್ಮ ಹಣೆ ಹಣೆ ಚಚ್ಚಿಕೊಂಡಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಅವಳ ಮನೆಯಲ್ಲೇ ಉಣ್ಣುತ್ತಿದ್ದ.

ದೇವೀರಪ್ಪನವರು ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನ ಪಡಬಹುದಿತ್ತು. ಅವರು ಕೆಟ್ಟವರಲ್ಲ. ಅದೇ ತಾಪತ್ರಯ. "ನಿಮ್ಮೋರು ಯಾವಾಗ ಬೇಕಾದ್ರೂ ಬಂದು ನೀರು ಹಿಡೀರಮ್ಮ" ಎಂದು ನಗುನಗುತ್ತಲೇ ಹೇಳಿದರು. ಹಿಡಿಯಬಹುದು, ಬೋರಿಂಗಿನ ಹಿಡಿ ಮುಟ್ಟುವ ಹಾಗಿಲ್ಲ. ಯಾರಾದರೂ ಬಂದು ಒತ್ತಬೇಕು. ಮೊದಲು ಬಾವಿಕಟ್ಟೆಯ ಮುಂದೆ ಕಾಯುತ್ತಿದ್ದ ಹೆಂಗಸರು ಈಗ ಬೋರಿಂಗಿನ ಮುಂದೆ ಕಾದರು. ಪ್ರಗತಿ ಎಂದರೆ ಇಷ್ಟೇ ಆಗಿದ್ದರೆ ಆ ಲಾರಿ ಡೀಸೆಲ್ ಸುಟ್ಟುಕೊಂಡು ಅಷ್ಟು ದೂರದಿಂದ ಬರಬೇಕಿತ್ತೆ?

ಅದೂ ಬಹಳ ದಿನ ನಡೆಯಲಿಲ್ಲ. ದೇವೀರಪ್ಪನವರು ತೆಂಗಿನ ತೋಟಕ್ಕೆ ಪಂಪ್‌ಸೆಟ್ ಇಳಿಸಿದರು. ಅವರನ್ನು ನೋಡಿ ಅಣ್ಣತಮ್ಮಂದಿರೂ ಇಳಿಸಿದರು. ಕರೆಂಟು ಬಂದಾಗಲೆಲ್ಲ ತೋಟದಲ್ಲಿ ನೀರು ದಬದಬ ಸುರಿಯುವುದು, ಇತ್ತ ಬೋರಿಂಗಿನ ಹಿಡಿ ಹಗುರವಾಗುತ್ತ ಹೋಗುವುದು. ಎಂಬತ್ನಾಲ್ಕರ ಬೇಸಿಗೆಗೆ ಅದು ಬರೀ ಗಾಳಿ ಉಗುಳತೊಡಗಿತು. ತೆಂಗಿನಮರ ನೀರು ಕುಡಿದು ನೆಟ್ಟಗೆ ನಿಂತಿತ್ತು, ಕೇರಿಯ ಹೆಂಗಸರು ಹಳ್ಳದ ಮರಳು ಬಗೆದು ಚಿಪ್ಪಿನಲ್ಲಿ ಒರತೆ ನೀರು ಮೊಗೆಯುತ್ತಿದ್ದರು. ಮರ ಯಾರದು, ನೆಲದಡಿಯ ನೀರು ಯಾರದು ಎಂದು ಅಣ್ಣಮ್ಮ ಕೇಳಿದರೆ, "ದೊಡ್ಡೋರ ವಿಷ್ಯ ನಮಗ್ಯಾಕೆ" ಎಂದು ಸಣ್ಣಯ್ಯ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ.

ಆ ಬೇಸಿಗೆಯಲ್ಲೇ ಎರಡನೆಯ ಬೋರಿಂಗಿನ ಸುದ್ದಿ ಬಂತು. ಮತ್ತೆ ಕೇರಿಯ ಹೆಸರಲ್ಲಿ. ಮತ್ತೆ ಇಂಜಿನಿಯರು ಬರುವುದು, ಬೇಕಾದವರು ಚಾವಡಿ ಹತ್ತಿರ ಸೇರುವುದು. ಸಣ್ಣಯ್ಯ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತ ಇದನ್ನು ಹೇಳಿದಾಗ ಅಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಇದೊಂದ್ಸಲ ನಮ್ಮ ಕೇರಿಲೂ ಸಾರಯ್ಯ."

"ಹುಚ್ಚು ಹಿಡೀತಾ? ಯಾರ್ ಸತ್ರು ಅಂತ ಜನ ಎದ್ದು ಬೀಳ್ತಾರೆ."

ಸರಿ, ಬಾಯಲ್ಲಾದರೂ ಹೇಳೋಣ ಎಂದು ಅಣ್ಣಮ್ಮ ಮನೆಮನೆಗೆ ಹೋದಳು. ಗಂಗಯ್ಯ ಎಂಬವನು, "ಆವತ್ತಿನ ಕೂಲಿ ನಿನ್ ಇಂಜಿನೇರು ಕೊಡ್ತಾನಾ?" ಎಂದು ಕೇಳಿದ. ಚಿಕ್ಕಣ್ಣ ಎಂಬ ಗಟ್ಟಿಮುಟ್ಟಾದ ಹುಡುಗ ಬರುತ್ತೇನೆಂದು ಹೇಳಿ, ಬರುವುದಿಲ್ಲವೆಂಬುದು ಮುಖದಲ್ಲೇ ಕಾಣುವಂತೆ ನಕ್ಕ. ಕೇರಿಯ ಹಿರಿಯಳು, ಯಾರು ಸತ್ತರೂ ಹಾಡಿಕೊಂಡು ಅಳುವ ಕೆಂಪಲಕ್ಷ್ಮಮ್ಮ, "ಬೋರಿಂಗು ನಮಗೆಲ್ಲಿ ಬತ್ತದವ್ವ, ಹಣೇಲಿ ಬರೀಬೇಕು" ಎಂದು ನಿಟ್ಟುಸಿರಿಟ್ಟಳು. ಊರಿನವರು ಇವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹೋಗಲಿ ಎಂದರೆ ಇವರೂ ತಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾರನ್ನು ಮೊದಲು ಬೈಯಬೇಕು ಎಂಬುದೇ ಅಣ್ಣಮ್ಮನಿಗೆ ತಿಳಿಯದಾಯಿತು.

ಆ ದಿನ ಬಂತು. ಬೆಳಗ್ಗೆ ಸಣ್ಣಯ್ಯ ಊರಲ್ಲಿ ಮತ್ತೊಮ್ಮೆ ಸಾರಿ ಬಂದು, ತಮಟೆಯನ್ನು ಗೂಟಕ್ಕೆ ಹಾಕಿ, ಅಂಬಲಿ ಕುಡಿದು ಚಾವಡಿಗೆ ಹೋದ. ಕೊಡೆ ಹಿಡಿಯಬೇಕಲ್ಲ. ಅಣ್ಣಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಕೇರಿಯ ಜನ ಕುಕ್ಕೆ, ಕುಡುಗೋಲು ಹಿಡಿದು ಒಬ್ಬೊಬ್ಬರಾಗಿ ತೋಟಗಳ ಕಡೆ ಹೊರಟಿದ್ದರು. ಅತ್ತ ಕಣಕಟ್ಟೆಯ ದಾರಿಯಲ್ಲಿ ಜೀಪಿನ ಧೂಳು ಎದ್ದಿತು. ಆರು ವರ್ಷದ ಹಿಂದಿನ ಸೋಮವಾರವೇ ಮತ್ತೆ ನಡೆದುಕೊಂಡು ಬರುತ್ತಿದೆ ಎನ್ನಿಸಿ ಅವಳು ಒಳಗೆ ಹೋದಳು.

ಹೆಂಗಸು ತಮಟೆ ಮುಟ್ಟಬಾರದು ಎನ್ನುತ್ತಾರೆ. ಯಾಕೆಂದು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಗೂಟದಿಂದ ಇಳಿಸಿದಳು, ಹಿಡಿ ಹುಲ್ಲಿಗೆ ಕಡ್ಡಿ ಗೀರಿ ಕಾಯಿಸಿದಳು, ಕೇರಿಯ ನಡುವಿನ ಬೇವಿನ ಮರದ ಕೆಳಗೆ ನಿಂತು ಬಡಿಯತೊಡಗಿದಳು. ತಾಳವಿಲ್ಲ, ಗತ್ತಿಲ್ಲ. ಇಷ್ಟು ವರ್ಷ ಗಂಡನಿಗೆ ಕೊಡಬೇಕೆಂದು ಇಟ್ಟುಕೊಂಡಿದ್ದ ಏಟುಗಳೆಲ್ಲ ಆ ಚರ್ಮದ ಮೇಲೆ ಬಿದ್ದವು.

ಜನ ದಡದಡ ಓಡಿ ಬಂದರು. ತೋಟದ ದಾರಿಯಲ್ಲಿದ್ದವರು ಹಿಂದಿರುಗಿ ಬಂದರು. ಚಿಕ್ಕಣ್ಣ ಎರಡು ಬಿದಿರು ಗಳ ಹೊತ್ತು ತಂದ, ಗಂಗಯ್ಯ ಗುದ್ದಲಿ ತಂದ. ಸಣ್ಣಯ್ಯನ ತಮಟೆಯನ್ನು ಅವನ ಹೆಂಡತಿಯೇ ಬಡಿಯುತ್ತಿದ್ದಾಳೆ ಎಂದರೆ ಏನರ್ಥ ಎಂದು ಎಲ್ಲರಿಗೂ ಒಂದೇ ಸಲ ಹೊಳೆಯಿತು. ಕೆಂಪಲಕ್ಷ್ಮಮ್ಮ ಎದೆ ಬಡಿದುಕೊಂಡು ಶುರು ಮಾಡಿಯೇಬಿಟ್ಟಳು: "ಅಯ್ಯೋ ಸಣ್ಣಪ್ಪ, ಕೂಗಿದ್ರೆ ಓಗೊಡ್ತಿದ್ಯಲ್ಲೋ ನನ್ನಪ್ಪ, ಒಂದಿನಾನೂ ಇಲ್ಲ ಅನ್ನಲಿಲ್ವಲ್ಲೋ ನನ್ನಪ್ಪ..."

ಅದೇ ಅಲ್ಲವೇ ತಾಪತ್ರಯ ಎಂದುಕೊಂಡಳು ಅಣ್ಣಮ್ಮ. ತಮಟೆ ನಿಲ್ಲಿಸಿ, "ಸಾಕು ಸುಮ್ನಿರವ್ವ. ಅವ್ನು ಸತ್ತಿಲ್ಲ. ಚಾವಡಿ ತಾವ ಕೊಡೆ ಹಿಡ್ಕಂಡು ನಿಂತವ್ನೆ" ಎಂದಳು.

"ಮತ್ಯಾರ್ ಸತ್ರು?" ಎಂದ ಗಂಗಯ್ಯ.

"ಯಾರೂ ಸತ್ತಿಲ್ಲ. ಸತ್ರೆ ಬತ್ತೀರಲ್ಲ, ಬದುಕಿರೋರಿಗೆ ಅಂತ ಒಂದ್ಸಲ ಬನ್ರಪ್ಪ! ಬೋರಿಂಗ್ ಜಾಗ ತೋರ್ಸಾಕೆ ಬನ್ನಿ!"

ಕೇರಿಗೆ ಕೇರಿಯೇ ಅವಳ ಮೇಲೆ ಮುಗಿಬಿತ್ತು. ಮನೆಹಾಳಿ ಎಂದರು, ಅಪಶಕುನ ಎಂದರು, ಮಾರಮ್ಮ ಸುಮ್ಮನಿರುವುದಿಲ್ಲ ಎಂದರು. ಗಂಗಯ್ಯ ಗುದ್ದಲಿಯನ್ನು ಹೆಗಲಿಗೇರಿಸಿ ಕೆಲಸಕ್ಕೆ ಹೊರಟ.

"ಎಲ್ಲಿಗ್ಲಾ ಹೊಂಟೆ?" ಎಂದು ಅಡ್ಡ ಹಾಕಿದವಳು ಕೆಂಪಲಕ್ಷ್ಮಮ್ಮ. "ಸಾವಿನ ತಮಟೆ ಕೇಳಿ ಬಂದಿದ್ದೀಯೆ. ತಲೆಗೆ ನೀರು ಹುಯ್ಕಳ್ದೆ ಹೊಲುಕ್ಕೆ ಇಳಿದೀಯಾ?"

"ಸಾವೇ ಆಗಿಲ್ವಲ್ಲವ್ವ!"

"ನಾನು ಅತ್ತಾಗೈತೆ. ಅತ್ತ ಮ್ಯಾಲೆ ಸಾವೇಯ."

ತಲೆಗೆ ನೀರು ಹುಯ್ದುಕೊಳ್ಳಲು ಕೇರಿಯಲ್ಲಿ ನೀರೆಲ್ಲಿತ್ತು? ಕೆಲಸಕ್ಕೆ ಹೋಗುವಂತಿಲ್ಲ, ಮನೆಯಲ್ಲಿ ಕೂತರೆ ಅಣ್ಣಮ್ಮನ ಬಾಯಿ. ಕೊನೆಗೆ ಅವಳನ್ನು ಬೈಯುತ್ತಲೇ, ಬಿದಿರು ಗುದ್ದಲಿಗಳ ಸಮೇತ, ಕೇರಿಯೇ ಹಳ್ಳ ದಾಟಿ ಚಾವಡಿಗೆ ಹೊರಟಿತು.

ಚಾವಡಿಯ ಮುಂದೆ ಇಂಜಿನಿಯರು ನಿಂತಿದ್ದರು. ಅವರ ತಲೆಯ ಮೇಲೆ ಕಪ್ಪು ಕೊಡೆ, ಕೊಡೆಯ ಕಾವು ಹಿಡಿದು ಬಿಸಿಲಲ್ಲಿ ಸಣ್ಣಯ್ಯ. ಪಕ್ಕದಲ್ಲಿ ದೇವೀರಪ್ಪನವರು. ಬಿದಿರು ಹೊತ್ತು ಬಂದ ಜನವನ್ನು ಕಂಡು ಸಣ್ಣಯ್ಯ ಕತ್ತು ಚಾಚಿ ನೋಡಿದ.

"ಯಾರವ್ವ ಹೋದೋರು?" ಎಂದು ಕೆಂಪಲಕ್ಷ್ಮಮ್ಮನನ್ನು ಕೇಳಿದ.

"ನೀನೇ ಕಣಪ್ಪ" ಎಂದಳು ಆಕೆ. ಅವಳ ಕಣ್ಣಲ್ಲಿ ಇನ್ನೂ ನೀರಿತ್ತು.

ದೇವೀರಪ್ಪನವರು ಎಂದಿನ ಹಾಗೆ ನಕ್ಕರು. "ಎಲ್ಲರೂ ಬಂದದ್ದು ಒಳ್ಳೇದೇ ಆಯ್ತು. ಕೇರಿಯವರ ಹೆಸರಲ್ಲೇ ಇರಲಿ ಸಾರ್. ಆದ್ರೆ ಊರ ಮುಂದೆ ಹಾಕಿದ್ರೆ ಅವರಿಗೂ ಆಗುತ್ತೆ, ನಮಗೂ ಆಗುತ್ತೆ. ನಮ್ಮ ಸಣ್ಣನ್ನೇ ಕೇಳಿ. ಏನ್ಲಾ ಸಣ್ಣ?"

ಎಲ್ಲರ ಕಣ್ಣೂ ಸಣ್ಣಯ್ಯನ ಮೇಲೆ. ಅಣ್ಣಮ್ಮನಿಗೆ ಅವನ ಉತ್ತರ ಗೊತ್ತಿತ್ತು. "ನಿಮ್ಮ ಚಿತ್ತ, ಬುದ್ಧಿ" ಎನ್ನುತ್ತಾನೆ. ಮದುವೆಯಾದಂದಿನಿಂದ ಕೇಳಿದ ಮಾತು ಅದೊಂದೇ. ಅವಳು ಹಲ್ಲು ಕಚ್ಚಿ ನೆಲ ನೋಡುತ್ತ ನಿಂತಳು.

ತಾನು ಸತ್ತೆನೆಂದು ಕೇಳಿದ ಮನುಷ್ಯನಿಗೆ ಒಂದು ಗಳಿಗೆ ಧೈರ್ಯ ಬರುತ್ತದೋ ಏನೋ. ಸಣ್ಣಯ್ಯ ತಿರುಗಿ, ಕೇರಿಯವರು ನಿಂತಿದ್ದ ಕಡೆಗೆ ನಡೆದ. ಕೊಡೆ ಅವನ ಕೈಯಲ್ಲೇ ಇತ್ತು. ಇಂಜಿನಿಯರು ಬೋಳು ತಲೆಯ ಮೇಲೆ ಬಿಸಿಲು ಬಿದ್ದದ್ದೇ, "ಏಯ್, ಎಲ್ಲಯ್ಯಾ ಹೋಗ್ತೀಯ?" ಎನ್ನುತ್ತ ನೆರಳಿನ ಹಿಂದೆ ಬಂದರು. ಸಣ್ಣಯ್ಯ ನಿಲ್ಲಲಿಲ್ಲ. ಜನ ದಾರಿ ಬಿಟ್ಟರು. ಕೊಡೆ ತಿಪ್ಪೆಗಳನ್ನು ದಾಟಿತು, ಹಳ್ಳಕ್ಕಿಳಿದು ಹತ್ತಿತು, ಅದರ ಹಿಂದೆ ಇಂಜಿನಿಯರು, ಅವರ ಹಿಂದೆ ಇಡೀ ಕೇರಿ. ದೇವೀರಪ್ಪನವರು ಹಳ್ಳದ ಈಚೆಗೇ ನಿಂತರು. ಅದರಾಚೆಗೆ ಅವರು ಯಾವತ್ತೂ ಕಾಲಿಟ್ಟವರಲ್ಲ.

ಬೇವಿನ ಮರದ ಕೆಳಗೆ ಸಣ್ಣಯ್ಯ ನಿಂತ. ಇಂಜಿನಿಯರು ಏದುಸಿರು ಬಿಡುತ್ತ ಕೊಡೆಯಡಿಗೆ ಸೇರಿಕೊಂಡರು. "ಏನಯ್ಯ, ನೀನೂ ಈ ಕೇರಿಯವನೇನು?"

"ಹೂ ಸೋಮಿ" ಎಂದ ಸಣ್ಣಯ್ಯ. "ನಾನೂ ಕೇರಿಯೋನೇ. ಇಲ್ಲೇ ಹಾಕುಸ್ಕೊಡಿ."

ಅಷ್ಟು ಸಣ್ಣ ಮಾತಿಗೆ ಎಷ್ಟು ವರ್ಷ ಬೇಕಾಯಿತು ಎಂದು ಅಣ್ಣಮ್ಮನಿಗೆ ರೇಗಿತು. ಅಳುವೂ ಬಂತು. ರೇಗಿದ್ದನ್ನು ತೋರಿಸಿಕೊಂಡಳು, ಅಳುವನ್ನು ತೋರಿಸಿಕೊಳ್ಳಲಿಲ್ಲ. ಬೇಕೆಂದೇ ಕೊಡೆ ತಂದೆಯಾ ಎಂದು ಆಮೇಲೆ ಕೇಳಿದಾಗ, "ಕೊಡೆ ನನ್ ಕೈಲಿತ್ತಾ?" ಎಂದು ಅವಳನ್ನೇ ಕೇಳಿದ. ಸಾಯುವವರೆಗೂ ಇದಕ್ಕಿಂತ ಹೆಚ್ಚು ಅವನ ಬಾಯಿಂದ ಹೊರಡಲಿಲ್ಲ.

ಬೋರಿಂಗಿನಲ್ಲಿ ಸಿಹಿನೀರು ಬಂತು. ಹಿಡಿಯನ್ನು ಕೇರಿಯ ಹೆಂಗಸರು ತಾವೇ ಒತ್ತಿದರು, ಬೇಡವಾದಾಗಲೂ ಒಮ್ಮೆ ಒತ್ತಿ ನೋಡಿದರು. ಅಂದಿನಿಂದ ಯಾವ ಸುದ್ದಿ ಬಂದರೂ ಮೊದಲು ಕೇರಿಯಲ್ಲಿ ಸಾರಿ ಆಮೇಲೆ ಊರಿಗೆ ಹೋಗಬೇಕೆಂದು ಅಣ್ಣಮ್ಮ ಕಟ್ಟಪ್ಪಣೆ ಮಾಡಿದಳು. ಸಣ್ಣಯ್ಯನಿಗೇನು, ಅಪ್ಪಣೆ ಯಾರದಾದರೂ ಸರಿ, ಪಾಲಿಸುವುದೊಂದು ಗೊತ್ತು. ಸೀಮೆಎಣ್ಣೆ ಬಂದರೆ ಬಡಿದ, ಸೈಟು ಬಂದರೆ ಬಡಿದ, ಸೂಜಿ ಹಾಕುವವರು ಬಂದರೆ ಬಡಿದ. ಬರಬರುತ್ತ ಕೇರಿಯ ಕಿವಿಯೇ ಬದಲಾಯಿತು. ತಮಟೆ ಸದ್ದಾದರೆ ಏನೋ ಬಂದಿದೆ ಎಂದು ಜನ ಎದ್ದು ಬರುವಂತಾಯಿತು.

ನಾಲ್ಕು ವರ್ಷದ ಮೇಲೆ ಸಣ್ಣಯ್ಯ ಜ್ವರದಲ್ಲಿ ಮಲಗಿದವನು ಏಳಲಿಲ್ಲ. ಬೆಳಗ್ಗೆ ಅಣ್ಣಮ್ಮ ಚಿಕ್ಕಣ್ಣನ ಕೈಗೆ ತಮಟೆ ಕೊಟ್ಟು ಹೆಣದ ಪಕ್ಕ ಕೂತಳು. ಚಿಕ್ಕಣ್ಣ ಬೇವಿನ ಮರದ ಕೆಳಗೆ ನಿಂತು ಬಡಿದ. ಜನ ಬಂದರು. ಒಬ್ಬರ ಕೈಯಲ್ಲೂ ಬಿದಿರಿಲ್ಲ. ಗಂಗಯ್ಯ ಸೀಮೆಎಣ್ಣೆ ಡಬ್ಬ ಹಿಡಿದು ಬಂದಿದ್ದ, ಯಾರೋ ರೇಷನ್ ಕಾರ್ಡ್ ತಂದಿದ್ದರು. ಬೋರಿಂಗ್ ರಿಪೇರಿಗೆ ನಿಲ್ಲಿಸುತ್ತಾರೇನೋ ಎಂಬ ಗಾಬರಿಯಲ್ಲಿ ಹೆಂಗಸರು ಮನೆಯಲ್ಲಿದ್ದ ಕೊಡಗಳನ್ನೆಲ್ಲ ಹೊತ್ತು ಬಂದಿದ್ದರು.

"ಏನ್ ಬಂದೈತಕ್ಕ?" ಎಂದು ಗಂಗಯ್ಯ ಬಾಗಿಲಿನಿಂದಲೇ ಕೂಗಿದ.

"ಏನೂ ಬಂದಿಲ್ಲ ಕಣ್ರಪ್ಪ" ಎಂದಳು ಅಣ್ಣಮ್ಮ. "ಹೋಗವ್ನೆ."

ಗಂಗಯ್ಯ ಡಬ್ಬವನ್ನು ಮೆಲ್ಲಗೆ ನೆಲಕ್ಕಿಟ್ಟ. ಕೆಂಪಲಕ್ಷ್ಮಮ್ಮ ಒಳಗೆ ಬಂದು ಹೆಣದ ತಲೆ ಸವರಿದಳು, ಹಾಡಲು ಬಾಯಿ ತೆರೆದು ಮುಚ್ಚಿದಳು. "ಇವನಿಗೆ ಆವತ್ತೇ ಹಾಡಿಬಿಟ್ನಲ್ಲವ್ವ" ಎಂದು ಬರಿದೇ ಅತ್ತಳು. ಕೊಡ ಹಿಡಿದು ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಬೋರಿಂಗಿನ ಕಡೆ ತಿರುಗಿದಳು, ಉಳಿದವರೂ ಹಿಂದೆ ಹೋದರು. ಕೊಡದ ಮೇಲೆ ಕೊಡ ಬಂತು. ಜಗಲಿಯ ಮೇಲೆ ಕೂರಿಸಿದ ಸಣ್ಣಯ್ಯನ ತಲೆಯ ಮೇಲೆ, ಹೆಗಲ ಮೇಲೆ, ತಮಟೆಯ ಹಗ್ಗ ಉಜ್ಜಿ ಕಪ್ಪಾದ ಕುತ್ತಿಗೆಯ ಮೇಲೆ ನೀರು ಸುರಿಯಿತು. ಅಂಗಳ ತುಂಬಿ ಹಳ್ಳದ ಕಡೆಗೆ ಹರಿಯಿತು. ಅಣ್ಣಮ್ಮ ಅತ್ತೆಯ ಅರ್ಧ ಕೊಡವನ್ನು ನೆನೆದಳು.

"ಸಾಕು ನಿಲ್ಸ್ರೇ" ಎಂದು ಗದರಿದಳು. "ಜ್ವರದ ಮೈ ಅದು."

ಯಾರೂ ನಿಲ್ಲಿಸಲಿಲ್ಲ. ಅವಳೂ ಎರಡನೆಯ ಸಲ ಹೇಳಲಿಲ್ಲ. ಮರದ ಕೆಳಗೆ ಬೋರಿಂಗಿನ ಹಿಡಿ ಕಿರ್ರೆನ್ನುತ್ತಲೇ ಇತ್ತು, ನೀರು ಬರುತ್ತಲೇ ಇತ್ತು.